ಹಣೆಹಿಡಿದವ್ವನ ಬಂಡೆ: ಋಷಿಯಿಲ್ಲದ ಕ್ಷೇತ್ರದ ಮಹಿಮೆ

ಕಲ್ಲಾಗಿಯೂ ಕೈ ಚಾಚಿರುವ, ಕೈ ಚಾಚಿಯೂ ಯಾರಿಂದ ಏನನ್ನೂ ಬೇಡದ ಜಗಜ್ಜನನಿ ಶ್ರೀ ಹಣೆಹಿಡಿದವ್ವನ ಪಾದಗಳನ್ನು ನೆನೆದು, ಹಣೆಗುಡ್ಡವೆಂಬ ಈ ಪುಣ್ಯಸ್ಥಳವು ಪವಿತ್ರವಾದ ಬಗೆಯನ್ನು ಯಾತ್ರಿಕರ ಅರಿವಿಗಾಗಿ ಇಲ್ಲಿ ನಿರೂಪಿಸುತ್ತಿದ್ದೇವೆ. ಮೊದಲೇ ಒಂದು ಮಾತು ಹೇಳಿಬಿಡುವುದು ಮೇಲು: ಈ ಕ್ಷೇತ್ರಕ್ಕೆ ಋಷಿಯಿಲ್ಲ. ಬೇರೆ ಕ್ಷೇತ್ರಗಳ ಮಹಿಮೆಯಲ್ಲಿ ಜಟಾಜೂಟಧಾರಿಯಾದ ತಪೋನಿಧಿಯೊಬ್ಬನು ಮೊದಲ ಪುಟದಲ್ಲೇ ಬಂದು ದರ್ಭಾಸನ ಹಾಸಿಕೊಂಡು ಕುಳಿತಿರುತ್ತಾನೆ. ನಮ್ಮಲ್ಲಿ ಹಾಗೆ ಕುಳಿತವರು ಯಾರೂ ಇಲ್ಲ. ಪೇಟೆಯಲ್ಲಿ ಸಿಗುವ ಬಣ್ಣದ ಹೊದಿಕೆಯ ಇನ್ನೊಂದು ಪುಸ್ತಕದಲ್ಲಿ ಋಷಿಯಿದ್ದಾನೆ, ಅವನ ಹೆಸರಿದೆ, ಅವನು ಕೊಟ್ಟ ಭಸ್ಮದ ವರ್ಣನೆಯೂ ಎರಡು ಪುಟ ಇದೆ. ಅದು ಬೇಕಾದವರು ಅದನ್ನೇ ಓದಿಕೊಳ್ಳಲಿ. ನಾವು ತಲೆತಲಾಂತರದಿಂದ ಈ ಬಂಡೆಯ ಸೇವೆಯಲ್ಲಿರುವ ಹಣೆ ಹಿಡಿಯುವ ಮನೆತನದವರು. ನಮ್ಮ ಹಿರಿಯರು ನಮಗೆ ಹೇಳಿದ್ದನ್ನು, ಹೇಳಿದ ಹಾಗೆಯೇ, ಯಾರ ಮುಖದ ದಾಕ್ಷಿಣ್ಯಕ್ಕೂ ಬೀಳದೆ ಬರೆಯುತ್ತೇವೆ.

ದ್ವಾಪರಯುಗವು ಕಳೆದು, ಕಲಿಯು ಈ ಸೀಮೆಗೆ ಇನ್ನೂ ಪೂರ್ತಿಯಾಗಿ ಕಾಲೂರಿರದ ಪುರಾತನ ಕಾಲದಲ್ಲಿ, ಬಿಸಿಲಿಗೆ ಕಾದು ಕೆಂಪಾದ ಬಂಡೆಗಳು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಗುಡ್ಡದ ಓರೆಯಲ್ಲಿ, ಲಕ್ಕಿ, ಬೇವು, ಮಂಗಾರೆ, ಅಮೃತಬಳ್ಳಿ ಮೊದಲಾದ ವನೌಷಧಿಗಳ ನಡುವೆ ಆಡುಗಳನ್ನು ಮೇಯಿಸಿಕೊಂಡಿದ್ದ ಸೂಗವ್ವನೆಂಬ ಹೆಂಗಸೊಬ್ಬಳಿದ್ದಳು. ಗಂಡ ಸತ್ತಿದ್ದನು, ಮಕ್ಕಳಿರಲಿಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಮಂತ್ರ ಬರುತ್ತಿರಲಿಲ್ಲ, ಶಾಸ್ತ್ರವೆಂಬುದೊಂದು ಇದೆಯೆಂದೂ ಗೊತ್ತಿರಲಿಲ್ಲ. ಆಕೆಗೆ ವೈದ್ಯವನ್ನು ಕಲಿಸಿದ ಗುರು ಯಾರೆಂದರೆ, ಆಕೆಯ ಹಿಂಡು ಕಾಯುತ್ತಿದ್ದ ಕೆಂಚನೆಂಬ ನಾಯಿ. ಇದನ್ನು ಬರೆಯಲು ನಮಗೆ ನಾಚಿಕೆಯಿಲ್ಲ. ಓದುವವರಿಗೆ ನಾಚಿಕೆಯಾದರೆ ಅದು ಅವರ ಪಾಡು.

ಕೆಂಚನು ಕೆಟ್ಟದ್ದೇನನ್ನೋ ತಿಂದು ಹೊಟ್ಟೆ ಉಬ್ಬಿ ನರಳಿದ ದಿನ, ತಾನಾಗಿಯೇ ಹೋಗಿ ಒಂದು ಬಗೆಯ ಹುಲ್ಲನ್ನು ಹುಡುಕಿ ತಿಂದು, ಇಳಿಜಾರಿನಲ್ಲಿ ಮುಂಗಾಲು ಊರಿ, ತಲೆಯನ್ನು ನೆಲದವರೆಗೆ ಬಾಗಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ, ಆಮೇಲೆ ಎರಡು ಹೊತ್ತು ನೀರಲ್ಲದೆ ಬೇರೇನನ್ನೂ ಮುಟ್ಟದೆ ಮಲಗಿ, ಮೂರನೆಯ ಹೊತ್ತಿಗೆ ಎದ್ದು ಓಡಾಡಿದ್ದನ್ನು ಸೂಗವ್ವ ಕಣ್ಣಾರೆ ಕಂಡಳು. ತಲೆ ಎತ್ತಿಕೊಂಡು ಕಕ್ಕುವ ನಾಯಿಯನ್ನು ಯಾರೂ ಕಂಡಿಲ್ಲ. ಒಳಗಿನದು ಹೊರಗೆ ಬರಬೇಕಾದರೆ ತಲೆ ಕೆಳಗಾಗಬೇಕು, ಬಂದ ಮೇಲೆ ಹೊಟ್ಟೆಗೆ ಬಿಡುವು ಕೊಡಬೇಕು, ಇಷ್ಟೇ ಆಕೆಯ ಶಾಸ್ತ್ರ. ವಮನವೆಂದೂ ಶೋಧನವೆಂದೂ ಪಂಡಿತರು ಕರೆಯುವುದನ್ನು ಆಕೆ ಹೊಟ್ಟೆ ತೊಳೆಯುವುದು ಎಂದು ಕರೆಯುತ್ತಿದ್ದಳು.

ವರ್ಷಗಳು ಕಳೆದಂತೆ ಸುತ್ತಲಿನ ಹಳ್ಳಿಗಳ ರೋಗಪೀಡಿತರು ಗುಡ್ಡ ಹತ್ತಿ ಬರತೊಡಗಿದರು. ಆಕೆಯ ಚಿಕಿತ್ಸೆಯ ಕ್ರಮ ಹೀಗಿತ್ತು. ಮೊದಲ ಮೂರು ಮುಂಜಾವುಗಳಲ್ಲಿ ಸೊಪ್ಪು ಹಾಕಿ ಕಾಯಿಸಿದ ತುಪ್ಪವನ್ನು ಬಿಸಿಯಾಗಿ ಕುಡಿಸಿ, ಒಳಗೆ ಅಂಟಿಕೊಂಡ ಕಶ್ಮಲವನ್ನು ಸಡಿಲಿಸುವಳು; ಕಂಬಳಿ ಹೊದಿಸಿ, ಲಕ್ಕಿಸೊಪ್ಪಿನ ಹಬೆಯಲ್ಲಿ ಕೂರಿಸಿ, ಮೈಯೆಲ್ಲ ಬೆವರಿಸುವಳು; ನಾಲ್ಕನೆಯ ದಿನ ಸೂರ್ಯೋದಯಕ್ಕೆ ವಾಂತಿ ತರಿಸುವ ಮಂಗಾರೆ ಕಾಯಿಯ ತಿರುಳನ್ನು ಜೇನಿನಲ್ಲಿ ಅರೆದು, ಬೇವಿನ ಕಷಾಯದೊಡನೆ ಬಟ್ಟಲಲ್ಲಿ ಕೊಟ್ಟು, ಇಳಿಜಾರಾದ ಈ ಬಂಡೆಯ ಮೇಲೆ ಬಾಗಿಸಿ ಕೂರಿಸುವಳು. ಇನ್ನು ಮುಂದಿನದೇ ಮುಖ್ಯ. ರೋಗಿಯ ಹೊಟ್ಟೆ ಮೊಗಚುವಾಗ ಸೂಗವ್ವ ಅವನ ಪಕ್ಕದಲ್ಲಿ ಕುಳಿತು, ಬಲಗೈಯಿಂದ ಬೆನ್ನು ನೀವುತ್ತ, ಎಡ ಅಂಗೈಯಲ್ಲಿ ಅವನ ಹಣೆಯನ್ನು ಹಿಡಿದುಕೊಳ್ಳುತ್ತಿದ್ದಳು. ವಾಂತಿ ಮಾಡುವ ಕೂಸಿನ ಹಣೆಯನ್ನು ಪ್ರತಿ ಮನೆಯಲ್ಲೂ ತಾಯಿ ಹಿಡಿಯುತ್ತಾಳಲ್ಲ, ಹಾಗೆ. ಜಾತಿ ಕೇಳಿ ಹಿಡಿದವಳಲ್ಲ, ಊರು ಕೇಳಿ ಹಿಡಿದವಳಲ್ಲ.

ಅದಾದ ಮೇಲೆ ಹನ್ನೆರಡು ಹೊತ್ತಿನ ಗಂಜಿ. ದಿನಕ್ಕೆ ಎರಡು ಹೊತ್ತಿನಂತೆ ಆರು ದಿನ, ಮೊದಲು ತಿಳಿಯಾದ ನವಣೆ ಗಂಜಿ, ಬರಬರುತ್ತ ಮಂದವಾದದ್ದು, ಕೊನೆಯವರೆಗೂ ಉಪ್ಪಿಲ್ಲ. ಎಲ್ಲರಿಗೂ ಒಂದೇ ಗಡಿಗೆ, ಎಲ್ಲರಿಗೂ ಒಂದೇ ಸಾಲು. ಸಾಲಿನಲ್ಲಿ ಗೌಡನ ಪಕ್ಕ ಅವನ ಜೀತಗಾರ ಕುಳಿತಿದ್ದುದೂ ಉಂಟು, ಗೌಡನು ಮುಖ ಹುಳ್ಳಗೆ ಮಾಡಿಕೊಂಡು ಗಂಜಿ ಕುಡಿದದ್ದೂ ಉಂಟು. ಬೇಡವೆಂದು ಎದ್ದು ಹೋದವರನ್ನು ಸೂಗವ್ವ ಕರೆಯುತ್ತಿರಲಿಲ್ಲ.

ಇದೇ ಕಾಲದಲ್ಲಿ, ಇಲ್ಲಿಂದ ಎರಡು ಹರದಾರಿ ದೂರದ ಕೆಂಗೋಟೆಯೆಂಬ ದುರ್ಗದಲ್ಲಿ, ಬೊಪ್ಪರಸನೆಂಬ ಪರಾಕ್ರಮಶಾಲಿಯಾದ ಅರಸನು ರಾಜ್ಯಭಾರ ಮಾಡುತ್ತಿದ್ದನು. ಆ ವಂಶದಲ್ಲಿ ಒಂದು ವಿಚಿತ್ರವಾದ ನೇಮವಿತ್ತು: ಪಟ್ಟವಾದ ದಿನದಿಂದ ಅರಸನ ತಲೆ ಯಾರ ಮುಂದೆಯೂ, ಯಾವ ಕಾರಣಕ್ಕೂ ಬಾಗುವಂತಿಲ್ಲ. ದೇವರ ಮುಂದೆ ಬಾಗಬೇಕಾದೀತೆಂದು ಕೋಟೆಯ ಗುಡಿಯಲ್ಲಿ ಮೂರ್ತಿಯನ್ನೇ ಎತ್ತರದ ಪೀಠದ ಮೇಲೆ ಏರಿಸಿದ್ದರು. ಕ್ಷೌರಿಕನು ಮಣೆ ಹತ್ತಿ ನಿಂತು ಕ್ಷೌರ ಮಾಡುತ್ತಿದ್ದನು. ಬಾಗಿಲುಗಳನ್ನೆಲ್ಲ ಒಡೆಸಿ ಎತ್ತರಿಸಿದ್ದರು. ಅರಸನ ಹಣೆಯನ್ನು ಯಾರೂ ಬೆರಳಿನಿಂದ ಮುಟ್ಟಕೂಡದೆಂಬ ಕಟ್ಟಳೆಯಿದ್ದುದರಿಂದ, ಪುರೋಹಿತರು ಮೊಳದುದ್ದದ ಬೆಳ್ಳಿಯ ಕಡ್ಡಿಯಿಂದ ದೂರ ನಿಂತು ತಿಲಕವಿಡುತ್ತಿದ್ದರು. ಬೊಪ್ಪರಸನನ್ನು ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಎಳವೆಯಲ್ಲೇ ಪಟ್ಟವೂ ಆಗಿಹೋಗಿತ್ತು. ಹೀಗಾಗಿ ಆ ಹಣೆಯ ಮೇಲೆ ಮನುಷ್ಯರ ಕೈ ಬಿದ್ದ ನೆನಪು ಅರಸನಿಗೇ ಇರಲಿಲ್ಲ.

ಇಂತಹ ಅರಸನಿಗೆ ನಲವತ್ತನೆಯ ವಯಸ್ಸಿನಲ್ಲಿ ಉದರವ್ಯಾಧಿ ಬಡಿಯಿತು. ಗೆದ್ದ ಊರಿಗೆಲ್ಲ ಒಂದೊಂದು ಔತಣ, ಒಪ್ಪಂದಕ್ಕೆಲ್ಲ ಒಂದೊಂದು ಔತಣ, ಬೇಡವೆಂದರೆ ಬಡಿಸಿದವರಿಗೆ ಅವಮಾನವಾದೀತೆಂದು ಇಪ್ಪತ್ತು ವರ್ಷ ಉಂಡದ್ದೆಲ್ಲ ಒಳಗೇ ಕೊಳೆತು, ಹೊಟ್ಟೆ ಉಬ್ಬಿ, ಚರ್ಮದ ಮೇಲೆ ಹುಣ್ಣುಗಳೆದ್ದು, ಉಸಿರು ಸಿಕ್ಕಿಕೊಳ್ಳತೊಡಗಿತು. ರಾಜವೈದ್ಯರು ಚಿನ್ನದ ಭಸ್ಮ, ಮುತ್ತಿನ ಭಸ್ಮ, ಏಳು ಬಗೆಯ ಲೇಹ್ಯ, ಒಂಬತ್ತು ಬಗೆಯ ಅರಿಷ್ಟಗಳನ್ನು ಕೊಟ್ಟರು. ಈ ವ್ಯಾಧಿಗೆ ವಮನವೇ ಮದ್ದೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ವಮನವೆಂದರೆ ಅರಸನು ತಲೆ ಬಾಗಿಸಬೇಕು, ಆ ಮಾತನ್ನು ಆಡಿದವನ ತಲೆ ಮೊದಲು ಹೋದೀತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇನ್ನೊಂದು ಲೇಹ್ಯ ಕುದಿಸುತ್ತಿದ್ದರು. ಅರಸನೊಬ್ಬನು ಮರ್ಯಾದೆಯಿಂದಲೇ ಸಾಯುತ್ತಿದ್ದನು, ಅರಮನೆಯೆಲ್ಲ ಅದನ್ನು ಮರ್ಯಾದೆಯಿಂದಲೇ ನೋಡುತ್ತಿತ್ತು.

ಕೊನೆಗೆ ಅರಮನೆಯ ಅಡುಗೆಯವನಾದ ಸಿಂಗಣ್ಣನು ಧೈರ್ಯ ಮಾಡಿ ಗುಡ್ಡದ ಹೆಂಗಸಿನ ಸಂಗತಿಯನ್ನು ಅರಸನ ಕಿವಿಗೆ ಹಾಕಿದನು. ತಕ್ಷಣ ಪಲ್ಲಕ್ಕಿಯೊಡನೆ ದೂತರು ಹೊರಟರು. ಅಂದು ಬಂಡೆಯ ಮೇಲೆ ಹನ್ನೊಂದು ಮಂದಿ ರೋಗಿಗಳು ಗಂಜಿಯ ಪಥ್ಯದಲ್ಲಿದ್ದರು. ಸೂಗವ್ವ ಪಲ್ಲಕ್ಕಿಯನ್ನು ಒಮ್ಮೆ ನೋಡಿ, ಗಡಿಗೆಯಲ್ಲಿ ಸೌಟು ಆಡಿಸುತ್ತಲೇ ಹೇಳಿದಳು:

“ಅರ್ಧಾ ಗಂಜಿ ಕುಡದವರನ್ನ ಬಿಟ್ಟು ನಾ ಹ್ಯಾಂಗ ಬರಲಿ? ಈ ಕಲ್ಲು ನಿಮ್ಮ ಪಲ್ಲಕ್ಕ್ಯಾಗ ಕುಂದರೂದಿಲ್ಲಪ್ಪ. ಬ್ಯಾನಿ ದೊರೀಗೆ ಆಗ್ಯದಂದ್ರ ದೊರೀನ ಬರಲಿ.”

ಈ ಮಾತು ಕೋಟೆಗೆ ಮುಟ್ಟಿದಾಗ ಸಭೆ ಕೆಂಡವಾಯಿತು. ಆ ಹೆಂಗಸು ತಾನಾಗಿ ಇಳಿದು ಬರುವವರೆಗೆ ಗುಡ್ಡದ ಮೂರೂ ದಾರಿಗಳಿಗೆ ಕಾವಲು ಹಾಕಿ, ಒಂದು ಹಿಡಿ ಧಾನ್ಯವೂ ಮೇಲಕ್ಕೆ ಹೋಗದಂತೆ ನೋಡಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಸೂಗವ್ವನ ನವಣೆಯ ಗುಡಾಣ ದಿನದಿನಕ್ಕೆ ಇಳಿಯುತ್ತ ಬಂತು. ಬರಬರುತ್ತ ಮಂದವಾಗಬೇಕಾದ ಗಂಜಿ ಬರಬರುತ್ತ ತಿಳಿಯಾಯಿತು; ಮಂದವಾದದ್ದು ಸಿಗದೆ ಯಾರ ಹನ್ನೆರಡು ಹೊತ್ತಿನ ಲೆಕ್ಕವೂ ಮುಗಿಯಲಿಲ್ಲ. ಹನ್ನೊಂದು ಮಂದಿಯಲ್ಲಿ ಒಬ್ಬರೂ ಕೆಳಗಿಳಿದು ಕಾವಲಿನವರ ಕಾಲು ಹಿಡಿಯಲಿಲ್ಲ. ಎಂಟನೆಯ ದಿನ ಸೂಗವ್ವ ತನ್ನ ಪಾಲನ್ನು ಗಡಿಗೆಗೆ ಮರಳಿ ಸುರಿದು, ಬರೀ ನೀರು ಕುಡಿದು ಮಲಗಿದಳೆಂದು ನಮ್ಮ ಹಿರಿಯರು ಹೇಳುತ್ತಾರೆ.

ಒಂಬತ್ತನೆಯ ದಿನ ಬೊಪ್ಪರಸನಿಗೆ ಮಲಗಲೂ ಆಗದೆ, ಕೂರಲೂ ಆಗದೆ ಹೋದಾಗ, ಎಂಟು ಮಂದಿ ಬೋವಿಗಳು ಅವನನ್ನು ಹೊತ್ತು ಗುಡ್ಡ ಹತ್ತಿಸಿದರು. ಕಾವಲು ತಾನಾಗಿ ತೆರೆಯಿತು; ಅರಸನ ಹಿಂದೆಯೇ ಧಾನ್ಯದ ಮೂಟೆಗಳೂ ಬಂದವು. ಸೂಗವ್ವ ಅರಸನ ಮೇಲೆ ಸಿಟ್ಟು ತೋರಿಸಲಿಲ್ಲ, ಹಾಗೆಂದು ಕೈ ಮುಗಿಯಲೂ ಇಲ್ಲ. ಮೊದಲು ಹನ್ನೊಂದು ಮಂದಿಗೆ ಮಂದವಾದ ಗಂಜಿ ಬಡಿಸಿ, ಆಮೇಲೆ ಅರಸನ ನಾಡಿ ಹಿಡಿದಳು.

ಮೂರು ಮುಂಜಾವಿನ ತುಪ್ಪವನ್ನು ಅರಸನು ಕುಡಿದನು, ಹಬೆಯಲ್ಲೂ ಕುಳಿತನು. ಆಗಲೂ ತಲೆ ವಾಲದಂತೆ ಇಬ್ಬರು ಭಟರು ಎರಡೂ ಕಡೆಯಿಂದ ಹಿಡಿದುಕೊಂಡಿದ್ದರು. ನಾಲ್ಕನೆಯ ದಿನ ಸೂರ್ಯನು ಮೂಡುವ ಹೊತ್ತಿಗೆ ಸೂಗವ್ವ ಬಟ್ಟಲು ಹಿಡಿದು ಬಂದಾಗ, ಬಂಡೆಯ ಮೇಲೆ ಎತ್ತರದ ಬೆನ್ನಿನ ಪೀಠವೊಂದನ್ನು ಇರಿಸಿ, ಅದರಲ್ಲಿ ಅರಸನನ್ನು ನೆಟ್ಟಗೆ ಕೂರಿಸಿ, ಬೀಳದಂತೆ ಪಟ್ಟೆವಸ್ತ್ರದಿಂದ ಕಟ್ಟಿದ್ದರು. ಸೂಗವ್ವ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಹಿಂಗ ಕುಂತು ಕುಡದ್ರ ಬಂದದ್ದು ಗಂಟಲದಾಗ ಸಿಕ್ಕು ಸಾಯತಿ, ದೊರಿ. ಬಾಗೂದಾದ್ರ ಬಟ್ಟಲ ಕೊಡತೇನಿ. ಇಲ್ಲಂದ್ರ ಇಲ್ಲ.”

ಒಬ್ಬ ಭಟನು ಖಡ್ಗವನ್ನು ಆಕೆಯ ಕುತ್ತಿಗೆಗೆ ಇಟ್ಟನು. ಆಕೆ ಕದಲಲಿಲ್ಲ, ಬಟ್ಟಲಿನ ಕಷಾಯವೂ ತುಳುಕಲಿಲ್ಲ.

“ಕತ್ತಿ ನನ್ನ ಕುತ್ತಿಗಿ ಮ್ಯಾಲ ಐತಿ, ಬ್ಯಾನಿ ನಿನ್ನ ಹೊಟ್ಟ್ಯಾಗ ಐತಿ. ನನ್ನ ಕಡದ್ರ ನಿನ್ನ ಬ್ಯಾನಿ ಹೋಗತದೇನು, ನೋಡು.”

ಆಗ ಸಿಂಗಣ್ಣನು ಮುಂದೆ ಬಂದನು. ಇಪ್ಪತ್ತು ವರ್ಷ ಅರಸನಿಗೆ ಬಡಿಸಿದ ಕೈ ಅವನದು. ಅವನು ಅರಸನ ಮುಂದೆ ನೆಲ ಮುಟ್ಟಿ, “ಒಡೆಯಾ, ನಿಮ್ಮ ಹೊಟ್ಟ್ಯಾಗ ಇರೂದೆಲ್ಲ ನಾ ಹಾಕಿದ್ದು. ಉಳಿದದ್ದನ್ನ ನಾನೂ ತಿಂದೇನಿ. ಮೊದಲ ನಾ ಕುಡೀತೇನಿ” ಎಂದು ಬಟ್ಟಲಿಗೆ ಕೈ ಚಾಚಿದನು. ಅವನಿಗೆ ಮೂರು ದಿನದ ತುಪ್ಪವೂ ಆಗಿರಲಿಲ್ಲ, ಹಬೆಯೂ ಆಗಿರಲಿಲ್ಲ. ಇದಕ್ಕೆ ಸೂಗವ್ವ ಅವನನ್ನು ಚೆನ್ನಾಗಿ ಬೈದಳಂತೆ; ಆದರೂ ಬೇರೆ ಬಟ್ಟಲಲ್ಲಿ ಬರಿಯ ಬೇವಿನ ಕಷಾಯವನ್ನು ಕೊಟ್ಟಳು. ಸಿಂಗಣ್ಣನು ಬಂಡೆಯ ಮೇಲೆ ಮೊಣಕಾಲೂರಿ ಬಾಗಿದನು. ಸೂಗವ್ವನ ಎಡ ಅಂಗೈ ಅವನ ಹಣೆಗೆ ಬಂತು. ಅಷ್ಟು ದೊಡ್ಡ ದೇಹದ ಮನುಷ್ಯ ಹೊಟ್ಟೆ ತೊಳೆದುಕೊಂಡು ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು.

ಅರಸನು ಅವನನ್ನು ನೋಡಿ, “ಆ ಕೈ ಹ್ಯಾಂಗಿತ್ತು?” ಎಂದು ಕೇಳಿದನು.

“ನಮ್ಮವ್ವ ಹಿಡದಾಂಗ ಇತ್ತು, ಒಡೆಯಾ.”

ಬೊಪ್ಪರಸನು ಭಟರನ್ನು ಕೈಸನ್ನೆಯಿಂದ ಹಿಂದೆ ಸರಿಸಿದನು. ಪಟ್ಟೆವಸ್ತ್ರದ ಕಟ್ಟನ್ನು ತಾನೇ ಬಿಚ್ಚಿಕೊಂಡು, ಪೀಠದಿಂದ ಜಾರಿ ಬಂಡೆಗೆ ಇಳಿದು, ಬಟ್ಟಲನ್ನು ಕೇಳಿ ತೆಗೆದುಕೊಂಡು ಕುಡಿದು, ಸುತ್ತ ನಿಂತ ಭಟರೆಲ್ಲ ಮುಖ ಆಚೆ ತಿರುಗಿಸುತ್ತಿರಲು, ಕೆಂಗೋಟೆಯ ಏಳು ತಲೆಮಾರುಗಳಲ್ಲಿ ಮೊದಲ ಬಾರಿಗೆ ಒಬ್ಬ ಅರಸನು ತಲೆಯನ್ನು ನೆಲದವರೆಗೆ ಬಾಗಿಸಿದನು. ಆಡು ಮೇಯಿಸುವ ಹೆಂಗಸಿನ ಒರಟಾದ ಅಂಗೈ, ಯಾರೂ ಮುಟ್ಟಿರದ ಆ ಹಣೆಯನ್ನು ಹಿಡಿಯಿತು. ಅಂದು ಮಧ್ಯಾಹ್ನದ ಹೊತ್ತಿಗೆ ಅರಸನ ಉಸಿರು ಸಲೀಸಾಗಿತ್ತು.

ಗಂಜಿಯ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಸಾಲಿನಲ್ಲಿ ಹನ್ನೆರಡನೆಯವನಾಗಿ ಕುಳಿತ ಅರಸನು ಉಪ್ಪಿಲ್ಲದ ಗಂಜಿಯನ್ನು ಕಣ್ಣು ಮುಚ್ಚಿ ನುಂಗುವುದನ್ನು ನೋಡಲಾರದೆ, ಸಿಂಗಣ್ಣನು ಐದನೆಯ ಹೊತ್ತಿನಲ್ಲಿ ಮುಷ್ಟಿಯೊಳಗೆ ಒಂದು ಚಿಟಿಕೆ ಉಪ್ಪನ್ನು ಬಚ್ಚಿಟ್ಟುಕೊಂಡು ಬಂದು ಅರಸನ ಬಟ್ಟಲಿಗೆ ಉದುರಿಸಿದನು. ಅಡುಗೆಯವನ ಪ್ರೀತಿ ಇನ್ನು ಹೇಗೆ ತಾನೇ ಹೊರಗೆ ಬಂದೀತು! ಗಂಜಿ ಕುಡಿದ ಅರಸನ ಮುಖ ಅರಳಿದ್ದನ್ನು ಕಂಡ ಸೂಗವ್ವ ಬಟ್ಟಲನ್ನು ಕಸಿದು ನೆಕ್ಕಿ ನೋಡಿ, ಕಲ್ಲಿನ ಮೇಲೆ ಚೆಲ್ಲಿ, ಅರಸನ ಲೆಕ್ಕವನ್ನು ಮತ್ತೆ ಒಂದನೆಯ ಹೊತ್ತಿನಿಂದ ಶುರು ಮಾಡಿಸಿದಳು. ಸಿಂಗಣ್ಣನ ಸಂತತಿಯವರೇ ಇಂದಿಗೂ ಇಲ್ಲಿ ಗಂಜಿ ಬೇಯಿಸುತ್ತಾರೆ. ಬಡಿಸುವ ಮೊದಲು ಎರಡೂ ಮುಷ್ಟಿಗಳನ್ನು ಬಿಚ್ಚಿ ಸಾಲಿಗೆಲ್ಲ ತೋರಿಸುತ್ತಾರೆ. ಅದನ್ನು ಕಂಡು ನಗುವುದು ಭಕ್ತರಿಗೆ ವಾಡಿಕೆ, ಅವರೂ ನಗುತ್ತಾರೆ.

ಅರಸನು ಗುಣಮುಖನಾಗಿ ಕೋಟೆಗೆ ಮರಳಿದನು. ಇಲ್ಲಿಗೆ ಕಥೆ ಮುಗಿದಿದ್ದರೆ ಸೂಗವ್ವ ಒಳ್ಳೆಯ ವೈದ್ಯೆಯೆನಿಸಿ ಮರೆತುಹೋಗುತ್ತಿದ್ದಳು.

ಅರಸನು ಬಾಗಿದನೆಂಬ ಸುದ್ದಿ ನೆರೆಯ ರಾಜ್ಯಗಳಿಗೆ ಹೋದರೆ ಗತಿಯೇನೆಂದು ಮಂತ್ರಿಮಂಡಲಕ್ಕೆ ಚಿಂತೆ ಹತ್ತಿತು. ಬೆಳಗ್ಗೆ ಸಭೆ ಸೇರಿದ ಮಂತ್ರಿಗಳು ಮಧ್ಯಾಹ್ನದ ಊಟದೊಳಗೆ ಒಬ್ಬ ಋಷಿಯನ್ನು ಹುಟ್ಟಿಸಿದರು. ಭಸ್ಮಲೋಚನನೆಂಬ ಮಹರ್ಷಿಯು ಹಿಮಾಲಯದಿಂದ ಆಕಾಶಮಾರ್ಗವಾಗಿ ಇಳಿದುಬಂದು, ನೆಟ್ಟಗೆ ಕುಳಿತಿದ್ದ ಅರಸನಿಗೆ ದೂರದಿಂದಲೇ ಭಸ್ಮವನ್ನು ಊದಿ ವ್ಯಾಧಿ ನಿವಾರಿಸಿದನೆಂದೂ, ಆದುದರಿಂದ ಬಂಡೆಯು ಮಹರ್ಷಿಯದೆಂದೂ, ಮಹರ್ಷಿಯ ಪರವಾಗಿ ಅದು ಅರಮನೆಗೆ ಸೇರಿದ್ದೆಂದೂ, ಮುಂದೆ ಅರಮನೆಯ ಮುದ್ರೆ ಪಡೆದವರಲ್ಲದೆ ಬೇರೆ ಯಾರೂ ಅದರ ಮೇಲೆ ಕೂರಕೂಡದೆಂದೂ ಬರೆದರು. ಬಂಡೆಯ ಮೇಲೆ ಋಷಿಯ ಆಕೃತಿಯನ್ನು ಕೆತ್ತಿಸಿ, ಕೆಳಗೆ ಮುದ್ರೆ ಹಾಕಿಸುವುದೆಂದು ತೀರ್ಮಾನವಾಯಿತು. ಬೊಪ್ಪರಸನು ಇದಕ್ಕೆ ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸುಮ್ಮನಿದ್ದನು. ಹಳ್ಳಿಯ ರೋಗಿಗಳಿಗೆ ಬಂಡೆ ಉಳಿಯುತ್ತದೋ ಇಲ್ಲವೋ ಎಂಬುದು ಆ ಸುಮ್ಮನಿದ್ದ ಬಾಯಿಯ ಮೇಲೆ ನಿಂತಿತು.

ಮಾಘಮಾಸದ ಶುಕ್ಲಪಕ್ಷದ ಷಷ್ಠಿಯ ಬೆಳಗ್ಗೆ ಛತ್ರಚಾಮರಗಳೊಡನೆ ಅರಸನೂ, ಮಂತ್ರಿಗಳೂ, ಉಳಿ ಸುತ್ತಿಗೆ ಹಿಡಿದ ಶಿಲ್ಪಿಯೂ ಗುಡ್ಡ ಹತ್ತಿದರು. ಸುತ್ತಲಿನ ಹಳ್ಳಿಗಳ ಜನರೂ ಸೇರಿದ್ದರು. ಅವರಲ್ಲಿ ಆ ಹನ್ನೊಂದು ಮಂದಿ ಮುಂದಿನ ಸಾಲಿನಲ್ಲಿದ್ದರು. ಋಷಿಯ ಮುಖ ಹೇಗಿರಬೇಕೆಂದು ಶಿಲ್ಪಿಯು ಕೇಳಿದನು. ಯಾರೂ ನೋಡಿರಲಿಲ್ಲವಾದ್ದರಿಂದ ಯಾರಿಗೂ ಹೇಳಲಾಗಲಿಲ್ಲ. ಯಾವ ಋಷಿಯಾದರೂ ಗಡ್ಡವಂತೂ ಇದ್ದೇ ಇರುತ್ತದೆಂದು ಶಿಲ್ಪಿಯು ಗಡ್ಡದಿಂದಲೇ ಆರಂಭಿಸಿ, ಮೂರು ಗೆರೆಗಳನ್ನು ಕೊರೆದನು.

ನಾಲ್ಕನೆಯ ಗೆರೆಗೆ ಉಳಿ ಎತ್ತುವಷ್ಟರಲ್ಲಿ ಸೂಗವ್ವ ಬಂದು, ಆ ಗೆರೆಗಳ ಕೆಳಗೆ ಬಂಡೆಗೆ ಬೆನ್ನು ಕೊಟ್ಟು ಕುಳಿತಳು. ಎಂದಿನಂತೆ ಎಡಗೈಯನ್ನು ಮುಂದೆ ಚಾಚಿ, ಅರಸನ ಕಡೆ ನೋಡಿ ಹೇಳಿದಳು:

“ನಿನ್ನ ಹಣಿ ಹಿಡದ ಕೈ ಯಾವುದು, ನೀನ ಹೇಳು ದೊರಿ. ಋಷೀದು ಅಂತ ನಿನ್ನ ಬಾಯಿಲೆ ಹೇಳಿಬಿಡು, ನಾ ನನ್ನ ಆಡು ಹೊಡಕೊಂಡು ಹೋಗತೇನಿ. ನನಗ ಹೆಸರು ಬ್ಯಾಡ. ಆದರ ನಾಳಿ ಹೊಟ್ಟಿ ಹಿಡಕೊಂಡು ಬರೋ ಬಡವಿಗೆ ಮುದ್ರಿ ತಗೊಂಡು ಬಾ ಅಂತ ಹೇಳೋರು ಯಾರು? ನೀ ಹೇಳತೀಯೇನು?”

ಅರಸನು ಆಗಲೂ ಸುಮ್ಮನಿದ್ದನು. ಆಕೆಯನ್ನು ಎಳೆದುಹಾಕಿರೆಂದು ಮುಖ್ಯಮಂತ್ರಿಯು ಭಟರಿಗೆ ಕೈಸನ್ನೆ ಮಾಡಿದನು. ಇಬ್ಬರು ಭಟರು ಹೋಗಿ ಚಾಚಿದ ಕೈಯನ್ನು ಹಿಡಿದು ಎಳೆದರೆ, ಆ ಕೈ ತಣ್ಣಗಿತ್ತು, ಗಟ್ಟಿಯಾಗಿತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ನೋಡನೋಡುತ್ತಿದ್ದಂತೆ ಸೂಗವ್ವನ ಭುಜ, ಎದೆ, ನಗುವ ಮುಖ ಎಲ್ಲವೂ ಬಂಡೆಯ ಕೆಂಪಿನೊಳಗೆ ಸೇರಿಹೋಗಿ, ಅಂಗೈಯೊಂದೇ ಮೇಲ್ಮುಖವಾಗಿ ಹೊರಗೆ ಉಳಿಯಿತು. ಆಗ ಗುಡ್ಡದ ಒಡಲಿನಿಂದ ಸಕಲರಿಗೂ ಕೇಳುವಂತೆ ಹಣೆಹಿಡಿದವ್ವನೆಂಬ ದೇವಿಯಾದ ಸೂಗವ್ವನ ವಾಣಿಯು ಹೊರಟಿತು:

“ಬೊಪ್ಪರಸಾ, ಕೇಳು. ಈ ಶಿಲೆ ನನ್ನ ಮೈ, ಈ ಕೈ ನನ್ನ ಕೈ. ಬಾಗಿದ ಹಣೆ ಯಾರದೆಂದು ನಾನು ಎಂದೂ ಕೇಳಲಿಲ್ಲ. ಹಿಡಿದ ಕೈ ಯಾರದೆಂಬುದನ್ನು ನೀನು ಅಳಿಸಲಾರೆ. ಈ ಸ್ಥಳಕ್ಕೆ ಬಾಗಿಲಿಲ್ಲ, ಬೀಗವಿಲ್ಲ, ಮುದ್ರೆಯಿಲ್ಲ. ನೊಂದು ಬಂದವರೆಲ್ಲರೂ ಇದರ ಒಡೆಯರು. ವ್ಯಾಧಿಯ ಭಯದಿಂದ ನೀನು ಒಮ್ಮೆ ಬಾಗಿದೆ, ಅದು ನಿನ್ನ ಹೊಟ್ಟೆಯನ್ನು ತೊಳೆಯಿತು. ಇನ್ನೂ ಒಳಗೆ ಉಳಿದದ್ದುಂಟು. ಅದನ್ನು ಕಕ್ಕುವೆಯೋ, ನುಂಗುವೆಯೋ, ನಿನಗೆ ಬಿಟ್ಟದ್ದು.”

ಬೊಪ್ಪರಸನು ಛತ್ರದ ನೆರಳಿನಿಂದ ಎದ್ದು ಹೊರಗೆ ಬಂದನು. ಅಂದು ಅವನಿಗೆ ರೋಗವಿರಲಿಲ್ಲ, ನೋವಿರಲಿಲ್ಲ, ಬಾಗಲೇಬೇಕೆಂಬ ಯಾವ ಬಲವಂತವೂ ಇರಲಿಲ್ಲ. ಮಂತ್ರಿಗಳು ಬೇಡ ಬೇಡವೆನ್ನುತ್ತಿರಲು ಕಿರೀಟವನ್ನು ತೆಗೆದು ಸಿಂಗಣ್ಣನ ಕೈಗೆ ಕೊಟ್ಟು, ಸಾವಿರ ಕಣ್ಣುಗಳ ಎದುರಿನಲ್ಲಿ ಬಾಗಿ, ಆ ಕಲ್ಲಿನ ಅಂಗೈಯಲ್ಲಿ ತನ್ನ ಹಣೆಯನ್ನಿಟ್ಟನು. ತಲೆ ಎತ್ತದೆಯೇ ಹೇಳಿದನು:

“ನನ್ನ ಹಣಿ ಹಿಡದದ್ದು ಈ ಕೈ. ಋಷಿ ಬಂದಿರಲಿಲ್ಲ.”

ಶಿಲ್ಪಿಯು ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದನು. ಮುಂದಿನ ಸಾಲಿನಲ್ಲಿದ್ದ ಹನ್ನೊಂದು ಮಂದಿ ಮನೆಗೆ ಮರಳದೆ ಬಂಡೆಯ ಸೇವೆಗೆ ನಿಂತರು. ಅವರ ಮಕ್ಕಳ ಮಕ್ಕಳ ಮಕ್ಕಳು ನಾವು.

ಇಂದಿಗೂ ಯಾತ್ರಿಕರು ಆ ಅಂಗೈಯನ್ನು ಕಾಣಬಹುದು. ಕುಳಿತವಳ ಕೈಯಾದ್ದರಿಂದ ಅದು ಮೊಳಕಾಲಿಗಿಂತ ಸ್ವಲ್ಪ ಎತ್ತರದಲ್ಲಿದೆ. ಬಾಗದೆ ಹಣೆ ಮುಟ್ಟಿಸಲಾಗುವುದಿಲ್ಲ. ಲಕ್ಷಾಂತರ ಹಣೆಗಳು ತಾಗಿ ಅದರ ನಡುಭಾಗ ನುಣುಪಾಗಿದೆ. ಸೊಂಟ ಹಿಡಿದವರು, ಬಸುರಿಯರು, ಮುದುಕರು ಕಷ್ಟಪಡಬೇಕಾಗಿಲ್ಲ; ಅವರು ನಿಂತಲ್ಲೇ ನಿಂತಿರಲಿ, ನಾವೇ ಅಂಗೈಯನ್ನು ಶಿಲೆಗೆ ಮುಟ್ಟಿಸಿ ಬಂದು ಅವರ ಹಣೆ ಹಿಡಿಯುತ್ತೇವೆ. ಬಾಗಲಾರದವರಿಗೆ ಈ ಅನುಕೂಲವುಂಟು, ಬಾಗಲೊಲ್ಲದವರಿಗೆ ಇಲ್ಲ. ಕೆಲವು ವರ್ಷಗಳ ಹಿಂದೆ ದೊಡ್ಡವರೊಬ್ಬರು ಬರುತ್ತಾರೆಂದು, ಅವರು ನಿಂತೇ ಹಣೆ ಮುಟ್ಟಿಸುವಂತೆ ಅಂಗೈಯ ಮುಂದಿನ ನೆಲವನ್ನು ಅಗೆದು ಕುಳಿ ಮಾಡೋಣವೆಂದು ಕೆಲವರು ಗುದ್ದಲಿ ಹಿಡಿದು ಬಂದಿದ್ದರು. ನಮ್ಮ ಮನೆಯ ಹೆಂಗಸರು ಆ ಜಾಗದಲ್ಲಿ ಸಾಲಾಗಿ ಕುಳಿತರು. ದೊಡ್ಡವರು ಬಂದರು, ನೋಡಿದರು, ಬಾಗಿದರು. ಅವರಿಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ಈಗ ಇಲ್ಲಿ ಮಂಗಾರೆ ಕಾಯಿಯನ್ನು ಯಾರಿಗೂ ಕುಡಿಸುವುದಿಲ್ಲ. ಅದನ್ನು ಅಳೆದು ಕೊಡುವ ಕೈ ಕಲ್ಲಾಗಿದೆ. ಕಾಯಿಲೆಯವರು ಓದಿದ ವೈದ್ಯರ ಬಳಿ ಹೋಗಬೇಕು. ಈ ಪುಸ್ತಕ ಓದಿ ತಾವೇ ಅರೆದುಕೊಂಡು ಕುಡಿದವರ ಹಣೆ ಹಿಡಿಯಲು ನಾವು ಬರುವುದಿಲ್ಲ. ಮಾಘ ಶುದ್ಧ ಷಷ್ಠಿಯ ಬೆಳಗ್ಗೆ ಮಾತ್ರ ಒಂದೇ ಗಡಿಗೆಯಲ್ಲಿ ಉಪ್ಪಿಲ್ಲದ ನವಣೆ ಗಂಜಿ ಬೇಯುತ್ತದೆ. ಮೊದಲ ಸೌಟು ಗುಡ್ಡದ ನಾಯಿಗಳಿಗೆ, ಅವು ಗುರುವಿನ ಕುಲದವು. ಎರಡನೆಯ ಸೌಟಿನಿಂದ ಸಾಲು. ಇಲ್ಲಿ ಲಾಡು ಇಲ್ಲ, ಪಂಚಕಜ್ಜಾಯ ಇಲ್ಲ, ಮುಂದಿನ ಸಾಲಿಗೆ ಬೇರೆ ಬಾಗಿಲಿಲ್ಲ.

ಅಂಗೈಯ ಮೇಲೆ ಬಂಡೆಯಲ್ಲಿ ಉಳಿಯಿಂದ ಕೊರೆದ ಮೂರು ಗೆರೆಗಳಿವೆ. ಅವು ಏನೆಂದು ಭಕ್ತರು ಕೇಳುತ್ತಿರುತ್ತಾರೆ. ಅವು ಬಾರದ ಋಷಿಯ ಗಡ್ಡ. ಅದನ್ನು ಪೂರ್ತಿ ಮಾಡಿಸಿ, ಮೇಲೆ ಮುಖ ಕೂರಿಸಿ, ಮಂಟಪವನ್ನೂ ಕಟ್ಟಿಸಿಕೊಡುತ್ತೇವೆಂದು ವರ್ಷಕ್ಕೊಬ್ಬರಾದರೂ ಶಿಲ್ಪಿಯನ್ನು ಕರೆದುಕೊಂಡೇ ಬರುತ್ತಾರೆ. ಅವರನ್ನು ನಾವು ಬೈಯುವುದಿಲ್ಲ. ಸಾಲಿನಲ್ಲಿ ಕೂರಿಸಿ, ಮುಷ್ಟಿ ಬಿಚ್ಚಿ ತೋರಿಸಿ, ಒಂದೊಂದು ಬಟ್ಟಲು ಗಂಜಿ ಕೊಟ್ಟು ಕಳಿಸುತ್ತೇವೆ. ಗೆರೆಗಳು ಇನ್ನೂ ಮೂರೇ ಇವೆ.